ನೆತ್ತಿ ನಡುವಿನಲ್ಲಿಲ್ಲ

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಗುಡ್ಡ ಇದ್ದೇ ಇದೆ. ಆದರೆ ಇವತ್ತು ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಎದುರಾಗುವ ಏರಿಳಿತಗಳಲ್ಲಿ ಹೆಚ್ಚಿನವು ಭೂಮಿ ಕೊಟ್ಟವಲ್ಲ, ಎಂಜಿನಿಯರುಗಳು ಮೊದಲು ಕಾಗದದ ಮೇಲೆ ಬರೆದು ಆಮೇಲೆ ಕಾಂಕ್ರೀಟಿನಲ್ಲಿ ಎಬ್ಬಿಸಿದವು. ಪೂರ್ವಕ್ಕೆ ಉಪ್ಪಿನ ಗದ್ದೆಗಳ ತಗ್ಗು, ಆ ಕಡೆಗೇ 2013ರ ಜೂನ್‌ನಲ್ಲಿ ಮೊದಲ ಹಂತ ತೆರೆದ ಈಸ್ಟರ್ನ್ ಫ್ರೀವೇ. ತಲೆಯ ಮೇಲೆ, 2019ರ ಮಾರ್ಚ್‌ನಲ್ಲಿ ವಡಾಲಾದಿಂದ ಜೇಕಬ್ ಸರ್ಕಲ್‌ವರೆಗೆ ಚಾಚಿಕೊಂಡ ಮೊನೊರೈಲಿನ ತೊಲೆ. ಪಶ್ಚಿಮಕ್ಕೆ ಕಿಂಗ್ಸ್ ಸರ್ಕಲ್, ಮಾಟುಂಗಾ ಕಡೆ ಹೋದರೆ ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಗಳು. ಅಂಥ ಸೇತುವೆಯೊಂದನ್ನು ಹತ್ತಿ ಇಳಿಯುವ ಬಸ್ಸಿನಲ್ಲಿ ಕೂತವರು ಫೋನಿನಿಂದ ತಲೆ ಎತ್ತುವುದಿಲ್ಲ. ಏರು ಯಾವಾಗ ಮುಗಿಯಿತು, ಇಳುಕಲು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಉತ್ತರ ಅವರ ಹತ್ತಿರ ಇರುವುದಿಲ್ಲ. ಹೊಟ್ಟೆಯೊಳಗೆ ಏನೂ ಆಗದಿರುವುದೇ ಅಲ್ಲಿನ ಲೆಕ್ಕ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ. ಆ ಲೆಕ್ಕ ಹತ್ತನೇ ತರಗತಿಯ ಪುಸ್ತಕದಲ್ಲಿರುವ ವರ್ಗ ಬಹುಪದೋಕ್ತಿಯೇ, ಅದಕ್ಕಿಂತ ದೊಡ್ಡದೇನಲ್ಲ. ಆದರೆ ಅದನ್ನು ಕಂಡುಹಿಡಿಯುವ ದಾರಿ ಹತ್ತನೇ ತರಗತಿಯದ್ದಲ್ಲ. ವಕ್ರದ ಮೇಲಿನ ಬಿಂದುಗಳಿಂದ ಹೊರಡದೆ ಅದರ ಇಳಿಜಾರಿನಿಂದ, ಎಂದರೆ ಅವಕಲನದಿಂದ, ಸಮೀಕರಣಕ್ಕೆ ಬರುವ ಈ ದಾರಿ ನನಗೆ ಗಣಿತದ ಸಣ್ಣ ಸುಖಗಳಲ್ಲೆಲ್ಲ ದೊಡ್ಡದು. ಅದು ಸುಖ ಮಾತ್ರವಲ್ಲ, ಬೇರೆ ದಾರಿಗಳಿಗಿಂತ ಹೆಚ್ಚು ತಿಳಿವಳಿಕೆ ಕೊಡುವ ದಾರಿ ಎಂಬುದು ನನ್ನ ವಾದ.

ಮೊದಲು ಒಂದು ಗೊಂದಲ ಬಿಡಿಸಬೇಕು. ವರ್ಗ ಸಮೀಕರಣ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅದನ್ನು ಬಿಡಿಸುವ ಕೆಲಸ. ಆ ಕೆಲಸಕ್ಕೆ ಕನ್ನಡ ನಾಡಿನಲ್ಲೇ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಒಂಟೆಗಳ ಹಿಂಡನ್ನು ಕಟ್ಟಿ ಕೊಡುತ್ತಾನೆ: ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಓರೆಯಲ್ಲಿ, ಉಳಿದ ಹದಿನೈದು ನದಿಯ ದಡದಲ್ಲಿ. ಒಟ್ಟು ಎಷ್ಟು? ಮೂವತ್ತಾರು. ಇಲ್ಲಿ ಸಮೀಕರಣ ಮೊದಲೇ ಸಿದ್ಧವಾಗಿದೆ, ಬಚ್ಚಿಟ್ಟುಕೊಂಡಿರುವುದು ಸಂಖ್ಯೆ. ನಾನು ಹೇಳುತ್ತಿರುವ ಆಟ ಇದರ ತಿರುವುಮುರುವು. ಇಲ್ಲಿ ಸಂಖ್ಯೆಗಳು ಕೈಯಲ್ಲಿವೆ, ಬಚ್ಚಿಟ್ಟುಕೊಂಡಿರುವುದು ಸಮೀಕರಣ. ಎತ್ತರ = ಅ×ದ² + ಬ×ದ + ಕ ಎಂದು ಬರೆದುಕೊಳ್ಳೋಣ; ದ ಎಂದರೆ ಹೊರಟಲ್ಲಿಂದ ಸಾಗಿದ ದೂರ. ಅ, ಬ, ಕ ಎಂಬ ಮೂರು ಸಹಗುಣಕಗಳು ಯಾವುವು ಎಂಬುದೇ ಪ್ರಶ್ನೆ. ಮೂರು ಅಜ್ಞಾತಗಳಿಗೆ ಮೂರು ಸುಳಿವು ಬೇಕು. ಆ ಸುಳಿವು ಯಾವ ಬಗೆಯದಾಗಿರಬೇಕು ಎಂಬಲ್ಲೇ ರುಚಿಯ ಭೇದ ಶುರುವಾಗುತ್ತದೆ.

ರೂಢಿಯ ದಾರಿ ಮೂರು ಬಿಂದುಗಳದ್ದು. ವಕ್ರ ಹಾದುಹೋಗುವ ಮೂರು ಜಾಗ ಹೇಳಿ, ಮೂರು ಸಮೀಕರಣ ಬರೆದು, ಒಂದರಿಂದ ಒಂದನ್ನು ಕಳೆಯುತ್ತ ಹೋದರೆ ಉತ್ತರ ಬರುತ್ತದೆ. ಬರುತ್ತದೆ, ನಿಜ, ಆದರೆ ಮುಖ ಮುಚ್ಚಿಕೊಂಡು ಬರುತ್ತದೆ. ನಡುವಿನ ಸಾಲುಗಳಲ್ಲಿ ಅ ಎಂದರೇನು, ಬ ಎಂದರೇನು ಎಂದು ಯಾವ ಹಂತದಲ್ಲೂ ತಿಳಿಯುವುದಿಲ್ಲ. ಇನ್ನೊಂದು ದಾರಿಯಲ್ಲಿ, ಬಹುಪದೋಕ್ತಿಯನ್ನು ಒಮ್ಮೆ ಅವಕಲನ ಮಾಡಿದರೆ 2×ಅ×ದ + ಬ ಸಿಗುತ್ತದೆ. ವಕ್ರ ಹೋಗಿ ನೇರ ಗೆರೆ ಬಂತು. ದ ಸೊನ್ನೆಯಾದ ಕಡೆ ಈ ಗೆರೆಯ ಬೆಲೆ ಬರೀ ಬ. ಎಂದರೆ ಬ ಎಂಬುದು ಹೊರಡುವಾಗಿನ ಇಳಿಜಾರು. ಇನ್ನೊಮ್ಮೆ ಅವಕಲನ ಮಾಡಿದರೆ 2×ಅ ಮಾತ್ರ ಉಳಿಯುತ್ತದೆ: ಇಳಿಜಾರು ಬದಲಾಗುವ ದರ, ಎಲ್ಲಿ ನೋಡಿದರೂ ಒಂದೇ. ಕ ಅಂತೂ ಹೊರಟ ಜಾಗದ ಎತ್ತರ. ಒಬ್ಬ ಮನುಷ್ಯನನ್ನು ಪರಿಚಯಿಸುವಾಗ ಎಲ್ಲಿಯವನು, ಯಾವ ಕಡೆಗೆ ಮುಖ ಮಾಡಿದ್ದಾನೆ, ಸ್ವಭಾವ ಎಂಥದು ಎಂದು ಹೇಳಿದಂತೆ ಕ, ಬ, ಅ ಮೂರಕ್ಕೂ ಒಂದೊಂದು ಅರ್ಥ ಬಂತು. ಮೂರು ಬಿಂದುಗಳ ದಾರಿಯಲ್ಲಿ ಈ ಮೂವರೂ ಕೊನೆಯವರೆಗೆ ಅಪರಿಚಿತರಾಗಿಯೇ ಉಳಿಯುತ್ತಾರೆ.

ಇದು ಬರೀ ಅಂದಚಂದದ ಮಾತಲ್ಲ ಎಂಬುದಕ್ಕೆ ಮೇಲ್ಸೇತುವೆ ಸಾಕ್ಷಿ. ಒಂದು ಏರನ್ನೂ ಒಂದು ಇಳುಕಲನ್ನೂ ಮೇಲೆ ಸೇರಿಸುವ ವಕ್ರಕ್ಕೆ ನಮ್ಮ ರಸ್ತೆ ಎಂಜಿನಿಯರುಗಳು ಪರವಲಯವನ್ನು, ಎಂದರೆ ವರ್ಗ ಬಹುಪದೋಕ್ತಿಯ ವಕ್ರವನ್ನೇ, ಬಳಸುತ್ತಾರೆ. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವುದೂ ಅದನ್ನೇ. ಇಲ್ಲಿ ಎಂಜಿನಿಯರನ ಕೈಗೆ ಮೊದಲು ಬರುವುದು ಬಿಂದುಗಳಲ್ಲ, ಇಳಿಜಾರುಗಳು. ಈ ಕಡೆಯಿಂದ ಶೇಕಡಾ 4ರ ಏರು, ಆ ಕಡೆಗೆ ಶೇಕಡಾ 2ರ ಇಳುಕಲು, ಎರಡನ್ನೂ 60 ಮೀಟರಿನಲ್ಲಿ ಕೂಡಿಸಬೇಕು ಎಂದಿಟ್ಟುಕೊಳ್ಳಿ. (ಇದು ಲೆಕ್ಕಕ್ಕೆಂದು ಹಿಡಿದ ಸೇತುವೆ, ಮುಂಬಯಿಯ ಯಾವ ಸೇತುವೆಯ ಅಳತೆಯೂ ಅಲ್ಲ.) ಹೊರಡುವಲ್ಲಿ ಇಳಿಜಾರು 0.04, ಆದ್ದರಿಂದ ಬ = 0.04. ಅರವತ್ತು ಮೀಟರಿನಲ್ಲಿ ಇಳಿಜಾರು 0.04ರಿಂದ ಮೈನಸ್ 0.02ಕ್ಕೆ ಇಳಿಯಬೇಕು, ಒಟ್ಟು ಬದಲಾವಣೆ ಮೈನಸ್ 0.06, ಮೀಟರಿಗೆ ಮೈನಸ್ 0.001. ಅದು 2×ಅ; ಹಾಗಾಗಿ ಅ = ಮೈನಸ್ 0.0005. ಹೊರಟ ಜಾಗದ ಎತ್ತರವನ್ನು ಸೊನ್ನೆ ಎಂದರೆ ಸಮೀಕರಣ ಮುಗಿಯಿತು: ಎತ್ತರ = 0.04×ದ − 0.0005×ದ². ಒಂದೇ ಒಂದು ಜೋಡಿ ಸಮೀಕರಣವನ್ನೂ ಬಿಡಿಸಬೇಕಾಗಲಿಲ್ಲ. ಈಗ ನೆತ್ತಿ ಎಲ್ಲಿ? ಇಳಿಜಾರು ಸೊನ್ನೆಯಾದಲ್ಲಿ, ಎಂದರೆ 40 ಮೀಟರಿನಲ್ಲಿ. ಅಲ್ಲಿನ ಎತ್ತರ 80 ಸೆಂಟಿಮೀಟರ್. ಅರವತ್ತರ ನಡು ಮೂವತ್ತಲ್ಲವೇ, ನೆತ್ತಿ ನಲವತ್ತಕ್ಕೆ ಸರಿದದ್ದೇಕೆ? ಏರು ಇಳುಕಲಿನ ಇಮ್ಮಡಿ ಕಡಿದಾದ್ದರಿಂದ, ಅದನ್ನು ತಣಿಸಲು ಇಮ್ಮಡಿ ದೂರ ಬೇಕು. ನೆತ್ತಿಯು ಒಟ್ಟು ಉದ್ದವನ್ನು ನಾಲ್ಕಕ್ಕೆ ಎರಡರಂತೆ, ಇಳಿಜಾರುಗಳ ಪ್ರಮಾಣದಲ್ಲಿಯೇ, ಪಾಲು ಮಾಡುತ್ತದೆ. ನಡುವಿನಲ್ಲಿರುವುದು ಬೇರೆಯೇ ಒಂದು: ಎರಡು ಇಳಿಜಾರಿನ ಗೆರೆಗಳನ್ನು ನೇರವಾಗಿ ಮುಂದುವರಿಸಿದರೆ ಅವು ಸಂಧಿಸುವುದು ಸರಿಯಾಗಿ 30 ಮೀಟರಿನಲ್ಲಿ, 1.2 ಮೀಟರ್ ಎತ್ತರದಲ್ಲಿ. ರಸ್ತೆ ಅದಕ್ಕಿಂತ 45 ಸೆಂಟಿಮೀಟರ್ ಕೆಳಗೆ ಹಾದುಹೋಗುತ್ತದೆ. ಎರಡು ಸ್ಪರ್ಶಕಗಳು ನಡುವಿನಲ್ಲೇ ಕೂಡುವುದು ಪರವಲಯದ ಹುಟ್ಟುಗುಣ. ಸಂಖ್ಯೆ ಬದಲಿಸಿ ನೋಡಿ, ಅದು ಬದಲಾಗುವುದಿಲ್ಲ.

ಅರವತ್ತು ಮೀಟರ್ ಎಂಬ ಉದ್ದ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ ಇನ್ನೂ ಸ್ವಾರಸ್ಯದ್ದು. ಅದು ಚಾಲಕನ ಕಣ್ಣಿನಿಂದ ಬರುತ್ತದೆ. ನೆಲದಿಂದ 1.2 ಮೀಟರ್ ಎತ್ತರದ ಕಣ್ಣಿಗೆ, ಸೇತುವೆಯ ಆಚೆ ಬದಿಯಲ್ಲಿ ಬಿದ್ದ 15 ಸೆಂಟಿಮೀಟರಿನ ವಸ್ತು ಬ್ರೇಕ್ ಒತ್ತಿ ನಿಲ್ಲುವಷ್ಟು ಮುಂಚೆ ಕಾಣಬೇಕು. ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಆ ದೂರ 60 ಮೀಟರ್, 80 ಕಿಲೋಮೀಟರಿಗೆ 120 ಮೀಟರ್ ಎಂದು ಹಿಡಿಯುತ್ತಾರೆ. ನಮ್ಮ ಏರು ಇಳುಕಲಿಗೆ ಮೊದಲ ವೇಗದಲ್ಲಿ 47 ಮೀಟರಿನ ವಕ್ರ ಸಾಕು, ಹಾಗಾಗಿ 60 ಧಾರಾಳ. ಎರಡನೇ ವೇಗಕ್ಕೆ 196 ಮೀಟರ್ ಬೇಕು. ಏರು ಅದೇ, ಇಳುಕಲು ಅದೇ, ಬ ಅದೇ. ಬದಲಾದದ್ದು ಅ ಒಂದೇ. ವೇಗದ ರಸ್ತೆಗೂ ನಿಧಾನದ ರಸ್ತೆಗೂ ಇರುವ ಭೇದವೆಲ್ಲ ಒಂದು ಸಹಗುಣಕದಲ್ಲಿ ಬಂದು ಕೂತಿದೆ. ಮೂರು ಬಿಂದುಗಳ ದಾರಿಯಲ್ಲಿ ಇದನ್ನು ಕಾಣಲು ಸಾಧ್ಯವಿತ್ತೇ? ಇತ್ತೇನೋ, ಆದರೆ ಮೊದಲು ಅರ್ಧ ಹಾಳೆ ಕೂಡುವ ಕಳೆಯುವ ಲೆಕ್ಕ ಮಾಡಿ, ಆಮೇಲೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಣಿತದ ಮೇಷ್ಟರುಗಳದ್ದು: ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇಕೆ? ವರ್ಗವನ್ನು ಪೂರ್ಣಗೊಳಿಸುವ ಹಳೆಯ ವಿಧಾನದಲ್ಲೇ ನೆತ್ತಿ ಸಿಗುತ್ತದೆ. ಪರವಲಯ ನೆತ್ತಿಯ ಎರಡೂ ಬದಿಗೆ ಸಮವಾಗಿರುವುದರಿಂದ ನೆತ್ತಿಯೊಂದು ಗೊತ್ತಾದರೆ ಇನ್ನೊಂದು ಬಿಂದು ಸಾಕು. ಕಲನಶಾಸ್ತ್ರವನ್ನು ಎಳೆದು ತರುವ ಅಗತ್ಯವೇ ಇಲ್ಲ. ಈ ಮಾತಿನಲ್ಲಿ ಹುರುಳಿದೆ. ನೆತ್ತಿ ಕೈಯಲ್ಲಿದ್ದಾಗ ಅದಕ್ಕಿಂತ ಚುರುಕಾದ ದಾರಿ ಇಲ್ಲ. ಆದರೆ ನೆತ್ತಿಯೇ ಇಲ್ಲದ ರಸ್ತೆಯನ್ನು ತೆಗೆದುಕೊಳ್ಳಿ: ಶೇಕಡಾ 4ರ ಏರು ಅದೇ 60 ಮೀಟರಿನಲ್ಲಿ ತಗ್ಗಿ ಶೇಕಡಾ 1ರ ಏರಾಗುತ್ತದೆ, ಇಳುಕಲು ಎಲ್ಲೂ ಇಲ್ಲ. ಇಲ್ಲಿ ಅ = ಮೈನಸ್ 0.00025. ಇಳಿಜಾರು ಸೊನ್ನೆಯಾಗುವುದು 80 ಮೀಟರಿಗೆ. ಆದರೆ ವಕ್ರ 60ಕ್ಕೇ ಮುಗಿದಿದೆ. ನೆತ್ತಿಯನ್ನು ನಂಬಿ ಹೊರಟವನು ರಸ್ತೆಯಲ್ಲಿ ಎಲ್ಲೂ ಇಲ್ಲದ ಒಂದು ಬಿಂದುವಿನ ಮೇಲೆ ಲೆಕ್ಕ ಕಟ್ಟಬೇಕು. ಇಳಿಜಾರನ್ನು ಹಿಡಿದವನಿಗೆ ನೆತ್ತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜೊತೆಗೆ ಈ ಬ್ರಹ್ಮಾಸ್ತ್ರವೂ ಅಂಥಾ ಭಾರದ್ದೇನಲ್ಲ. ವರ್ಗ ಬಹುಪದೋಕ್ತಿಯ ಅವಕಲನ ಎಂದರೆ ಎರಡು ಪದಗಳ ಕೆಲಸ. ದೊಡ್ಡ ಆಯುಧವನ್ನು ಮೊದಲು ಸಣ್ಣ ಪ್ರಾಣಿಯ ಮೇಲೇ ಪ್ರಯೋಗಿಸಿ ನೋಡಬೇಕು. ಘನ ಬಹುಪದೋಕ್ತಿ ಎದುರಾದಾಗ ಕೈ ನಡುಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಬಿಂದುವನ್ನು ಅಳೆಯಬಹುದು, ಇಳಿಜಾರನ್ನು ಅಳೆಯಲಾಗದು; ಒಂದು ಬಿಂದುವಿನಲ್ಲಿನ ಇಳಿಜಾರು ಎಂಬುದೇ ಒಂದು ಮಿತಿಯ ಕಲ್ಪನೆ, ಸೊನ್ನೆಯ ಹತ್ತಿರ ಹತ್ತಿರ ಹೋಗುವ ಕಸರತ್ತು; ಕೈಯಲ್ಲಿ ಅಳತೆಯ ಕೋಲು ಹಿಡಿದವನಿಗೆ ಅದರಿಂದೇನು ಪ್ರಯೋಜನ? ಇದಕ್ಕೆ ಪರವಲಯವೇ ಕೊಡುವ ಉತ್ತರ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಪರವಲಯದ ಮೇಲೆ ಯಾವ ಎರಡು ಬಿಂದು ಹಿಡಿದು ಅವನ್ನು ಕೂಡಿಸುವ ನೇರ ಗೆರೆ ಎಳೆದರೂ, ಆ ಗೆರೆಯ ಇಳಿಜಾರು ಎರಡರ ನಟ್ಟನಡುವಿನ ಸ್ಪರ್ಶಕದ ಇಳಿಜಾರಿಗೆ ಸಮ. ಸುಮಾರಾಗಿ ಸಮವಲ್ಲ, ಕರಾರುವಾಕ್ಕಾಗಿ ಸಮ. ನಮ್ಮ ಸೇತುವೆಯಲ್ಲಿ 0, 20, 40, 60 ಮೀಟರುಗಳಲ್ಲಿ ಎತ್ತರಗಳು ಕ್ರಮವಾಗಿ 0, 0.6, 0.8, 0.6. ಮೊದಲ ಇಪ್ಪತ್ತು ಮೀಟರಿನ ಸರಾಸರಿ ಇಳಿಜಾರು 0.6ನ್ನು 20ರಿಂದ ಭಾಗಿಸಿದರೆ 0.03. ಅವಕಲನದ ಸೂತ್ರದಿಂದ 10ನೇ ಮೀಟರಿನ ಇಳಿಜಾರು 0.04 − 0.01, ಅದೂ 0.03. ಮುಂದಿನ ಇಪ್ಪತ್ತಕ್ಕೆ 0.01, 30ನೇ ಮೀಟರಿನಲ್ಲೂ 0.01. ಮಿತಿಯ ಕಸರತ್ತು ಇಲ್ಲಿ ಬೇಕಾಗಿಯೇ ಇಲ್ಲ. ಬೇರೆ ವಕ್ರಗಳಲ್ಲಿ ಸ್ಪರ್ಶಕವನ್ನು ಹಿಡಿಯಲು ಅಂತರವನ್ನು ಸೊನ್ನೆಗೆ ತಳ್ಳಬೇಕು. ಪರವಲಯದಲ್ಲಿ ಇಪ್ಪತ್ತು ಮೀಟರ್ ದೂರ ನಿಂತೇ ಹಿಡಿಯಬಹುದು. ಅಳೆಯಲಾಗದು ಎಂದ ಇಳಿಜಾರನ್ನು ಎರಡು ಎತ್ತರಗಳ ವ್ಯತ್ಯಾಸವೇ ಅಳೆದುಕೊಟ್ಟಿತು.

ಈ ಗುಣವನ್ನು ಕೆಲಸಕ್ಕೆ ಹಚ್ಚಿದ ಜಾಣ್ಮೆ ಇವತ್ತಿನದಲ್ಲ. ಕ್ರಿ.ಶ. 665ರ ‘ಖಂಡಖಾದ್ಯಕ’ದಲ್ಲಿ ಬ್ರಹ್ಮಗುಪ್ತ ಜ್ಯಾ (ಸೈನ್) ಕೋಷ್ಟಕದ ಎರಡು ಸಾಲುಗಳ ನಡುವಿನ ಬೆಲೆಯನ್ನು ಹುಡುಕಲು ಒಂದು ನಿಯಮ ಕೊಡುತ್ತಾನೆ. ಹಿಂದಿನ ವ್ಯತ್ಯಾಸ, ಮುಂದಿನ ವ್ಯತ್ಯಾಸ ಎರಡನ್ನೂ ಕೂಡಿಸಿ ಅರ್ಧ ಮಾಡು. ಅವೆರಡರ ಅಂತರದ ಅರ್ಧದಿಂದ ಅದನ್ನು ತಿದ್ದು. ಇಂದಿನ ಭಾಷೆಯಲ್ಲಿ ಹೇಳಿದರೆ ಆತ ಮಾಡುತ್ತಿರುವುದು ಕೋಷ್ಟಕದ ಮೂರು ಬೆಲೆಗಳ ಮೂಲಕ ವರ್ಗ ಬಹುಪದೋಕ್ತಿಯೊಂದನ್ನು ಹಾಯಿಸುವ ಕೆಲಸ. ಆದರೆ ಬಿಂದುಗಳ ಲೆಕ್ಕದಿಂದಲ್ಲ, ನಡುವಿನ ಬಿಂದುವಿನ ಇಳಿಜಾರಿನಿಂದ. ನಮ್ಮ ಸೇತುವೆಯಲ್ಲಿ 20ನೇ ಮೀಟರಿನ ಹಿಂದಿನ ವ್ಯತ್ಯಾಸ 0.6, ಮುಂದಿನದು 0.2, ಅರ್ಧಮೊತ್ತ 0.4, ಎಂದರೆ ಮೀಟರಿಗೆ 0.02. ಅವಕಲನದ ಸೂತ್ರವೂ 20ನೇ ಮೀಟರಿಗೆ 0.02 ಎಂದೇ ಹೇಳುತ್ತದೆ. ಬ್ರಹ್ಮಗುಪ್ತನಿಗೆ ಅವಕಲನ ಗೊತ್ತಿತ್ತು ಎಂದು ಇದರಿಂದ ಡಂಗುರ ಹೊಡೆಯುವುದು ತಪ್ಪು. ಕ್ಷಣದ ವೇಗದ ಮಾತು ಭಾಸ್ಕರಾಚಾರ್ಯನ 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ‘ತಾತ್ಕಾಲಿಕ ಗತಿ’ ಎಂದು ಬರುತ್ತದೆ. ಅದೂ ಇಂದಿನ ಕಲನಶಾಸ್ತ್ರ ಅಲ್ಲ. ಇಷ್ಟು ಮಾತ್ರ ಹೇಳಬಹುದು: ವರ್ಗ ಬಹುಪದೋಕ್ತಿಯ ಮಟ್ಟಿಗೆ ವ್ಯತ್ಯಾಸವೂ ಅವಕಲನವೂ ಒಂದೇ ಕೆಲಸ ಮಾಡುತ್ತವೆ, ಆದ್ದರಿಂದ ಒಂದನ್ನು ಹಿಡಿದವನ ಕೈಗೆ ಇನ್ನೊಂದರ ಫಲ ಸಿಕ್ಕಿತು.

ಅಳತೆಯಲ್ಲಿ ತಪ್ಪು ನುಸುಳಿದರೆ ಏನು ಗತಿ ಎಂಬ ಉಪಪ್ರಶ್ನೆ ಇಲ್ಲಿ ಬಾಕಿ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ವ್ಯತ್ಯಾಸದ ವ್ಯತ್ಯಾಸ ತೆಗೆದಾಗ ತಪ್ಪುಗಳೂ ಬೆಳೆಯುತ್ತವೆ. ಒಂದೊಂದು ಎತ್ತರದಲ್ಲಿ 5 ಮಿಲಿಮೀಟರಿನ ತಪ್ಪಿದ್ದರೆ, ಎಲ್ಲವೂ ಕೇಡಿಗೆ ಕೂಡಿಬಂದಾಗ, ಎರಡನೇ ವ್ಯತ್ಯಾಸದಲ್ಲಿ ಅದು 20 ಮಿಲಿಮೀಟರ್ ಆಗುತ್ತದೆ. ಇಪ್ಪತ್ತು ಮೀಟರಿನ ಅಂತರದಲ್ಲಿ ನಮ್ಮ ಎರಡನೇ ವ್ಯತ್ಯಾಸ 400 ಮಿಲಿಮೀಟರ್; ತಪ್ಪು ಶೇಕಡಾ 5. ಅಂತರವನ್ನು 30 ಮೀಟರಿಗೆ ಹಿಗ್ಗಿಸಿದರೆ ಅದೇ ವ್ಯತ್ಯಾಸ 900 ಮಿಲಿಮೀಟರ್ ಆಗಿ, ತಪ್ಪು ಶೇಕಡಾ ಎರಡರ ಆಸುಪಾಸಿಗೆ ಇಳಿಯುತ್ತದೆ. ಪರವಲಯದಲ್ಲಿ ದೂರ ನಿಂತರೆ ನಷ್ಟವಿಲ್ಲ ಎಂದೆನಲ್ಲ, ಅದರ ಇನ್ನೊಂದು ಮುಖ ಇದು: ದೂರ ನಿಂತರೆ ಲಾಭವೇ ಇದೆ. ಮೂರು ಬಿಂದುಗಳ ದಾರಿ ಹಿಡಿದವನೂ ಈ ತಪ್ಪಿನಿಂದ ಪಾರಾಗುವುದಿಲ್ಲ. ಅವನ ಅ ಕೂಡ ಇಷ್ಟೇ ತಪ್ಪಾಗುತ್ತದೆ, ಎಷ್ಟು ತಪ್ಪಾಯಿತು ಎಂದು ಅವನಿಗೆ ಕಾಣುವುದಿಲ್ಲ, ಅಷ್ಟೇ.

ಇನ್ನು ನನ್ನ ಪಕ್ಷದ ದೌರ್ಬಲ್ಯವನ್ನೂ ಹೇಳಬೇಕು. ಮೂರು ಬೇರೆ ಬೇರೆ ಬಿಂದುಗಳು, ಅವು ಒಂದೇ ಲಂಬಗೆರೆಯ ಮೇಲೆ ಜೋಡಿಯಾಗಿ ಬೀಳದಿದ್ದರೆ, ಯಾವಾಗಲೂ ಒಂದೇ ಒಂದು ಉತ್ತರ ಕೊಡುತ್ತವೆ. ಅತಿ ಕೆಟ್ಟ ಸ್ಥಿತಿಯಲ್ಲಿ ಅ ಸೊನ್ನೆಯಾಗಿ ನೇರ ಗೆರೆ ಬಂದೀತು. ಇಳಿಜಾರಿನ ಸುಳಿವುಗಳಿಗೆ ಆ ಭರವಸೆ ಇಲ್ಲ. ಎರಡು ಕಡೆಯ ಇಳಿಜಾರು ಹೇಳಿ ಎತ್ತರ ಹೇಳದಿದ್ದರೆ ಅ, ಬ ಸಿಗುತ್ತವೆ, ಕ ಸಿಗುವುದಿಲ್ಲ; ಒಂದೇ ಆಕಾರದ ಪರವಲಯಗಳು ಒಂದರ ಮೇಲೊಂದು ಅನಂತವಾಗಿ ತೇಲುತ್ತಿರುತ್ತವೆ. ಇದಕ್ಕಿಂತ ಮೋಸದ ಪ್ರಸಂಗ ಇನ್ನೊಂದು. ಎರಡು ತುದಿಗಳ ಎತ್ತರ ಕೊಟ್ಟು, ಅವುಗಳ ನಟ್ಟನಡುವಿನ ಇಳಿಜಾರನ್ನೂ ಕೊಟ್ಟರೆ ಮೂರು ಸುಳಿವು ಸಿಕ್ಕಿತು ಎಂದು ಖುಷಿಪಡುತ್ತೇವೆ. ಸಿಕ್ಕಿದ್ದು ಎರಡೇ! ನಡುವಿನ ಇಳಿಜಾರು ತುದಿಗಳ ವ್ಯತ್ಯಾಸದಲ್ಲಿ ಮೊದಲೇ ಅಡಗಿತ್ತು. ಅದು ಹೊಂದಿಕೆಯಾದರೆ ಉತ್ತರಗಳು ಲೆಕ್ಕವಿಲ್ಲದಷ್ಟು, ಹೊಂದಿಕೆಯಾಗದಿದ್ದರೆ ಉತ್ತರವೇ ಇಲ್ಲ. ಆದರೆ ಈ ದೌರ್ಬಲ್ಯವನ್ನು ನಾನು ದಾರಿಯ ಗುಣ ಎಂದೇ ಎಣಿಸುತ್ತೇನೆ. ಯಾವ ಸುಳಿವು ಹೊಸದು, ಯಾವುದು ಹಳೆಯ ಸುಳಿವಿನ ಮರುಮಾತು ಎಂದು ಯೋಚಿಸದೆ ಇಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಕಣ್ಣು ಮುಚ್ಚಿ ಮಾಡಬಹುದಾದ ಲೆಕ್ಕದಲ್ಲಿ ಇಂಥ ಎಚ್ಚರಕ್ಕೆ ಜಾಗವೆಲ್ಲಿ?

ವೃತ್ತವೇಕಲ್ಲ, ಪರವಲಯವೇ ಏಕೆ ಎಂದೂ ಕೇಳಬಹುದು. ನಮ್ಮ ಸೇತುವೆಯ ಜಾಗದಲ್ಲಿ 1000 ಮೀಟರ್ ತ್ರಿಜ್ಯದ ವೃತ್ತದ ಕಂಸವನ್ನಿಟ್ಟರೆ, ನೆತ್ತಿಯಿಂದ 40 ಮೀಟರ್ ದೂರದಲ್ಲಿ ಎರಡಕ್ಕೂ ಇರುವ ಭೇದ ಮಿಲಿಮೀಟರಿನ ಮೂರನೇ ಒಂದು ಪಾಲು. ಡಾಂಬರಿನ ಒಂದು ಜಲ್ಲಿಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಬಸ್ಸಿಗೆ ಗೊತ್ತಾಗದ ಭೇದ ಅದು. ಗೊತ್ತಾಗುವುದು ಲೆಕ್ಕ ಹಾಕುವವನಿಗೆ ಮಾತ್ರ, ವೃತ್ತದಲ್ಲಿ ಪ್ರತಿ ಎತ್ತರಕ್ಕೂ ವರ್ಗಮೂಲ ತೆಗೆಯಬೇಕಾದಾಗ. ತಗ್ಗಿನ ವಕ್ರಗಳ ಮಾತು ಬೇರೆ. ಇಳುಕಲು ಮುಗಿದು ಏರು ಶುರುವಾಗುವಲ್ಲಿ ಒಮ್ಮೆಲೇ ಬರುವ ಕುಲುಕಾಟವನ್ನು ತಪ್ಪಿಸಲು ಅಲ್ಲಿ ಘನ ಪರವಲಯವನ್ನು ಬಳಸುವುದೂ ಉಂಟು, ಆಗ ನನ್ನ ಇಡೀ ಸರಳ ಲೆಕ್ಕ ಕುಸಿಯುತ್ತದೆ. ಅಲ್ಲೂ ಉಳಿಯುವುದು ಒಂದು: ಅತಿ ತಗ್ಗಿನ ಜಾಗ ಇಳಿಜಾರು ಸೊನ್ನೆಯಾದ ಕಡೆಯೇ, ತುದಿಗಳ ನಟ್ಟನಡುವೆಯೇ ಇರಬೇಕೆಂದಿಲ್ಲ. ಮಳೆಗಾಲ ಬಂತೆಂದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಹೆಸರುಗಳು ಪತ್ರಿಕೆಯ ಮುಖಪುಟಕ್ಕೆ ಬರುವ ಈ ಭಾಗದಲ್ಲಿ ಇದು ಪುಸ್ತಕದ ಮಾತಲ್ಲ. ಅಲ್ಲಿ ನೀರು ನಿಲ್ಲಲು ಉಬ್ಬರ, ಹಳೆಯ ಚರಂಡಿ, ತಗ್ಗು ನೆಲ ಎಲ್ಲವೂ ಕಾರಣ. ಅವಕಲನ ಅವನ್ನೇನೂ ಮಾಡಲಾರದು. ಆದರೆ ಚರಂಡಿಯ ಬಾಯಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಆ ಸೊನ್ನೆಯೇ.

ನಮ್ಮ ಪಠ್ಯಕ್ರಮದಲ್ಲಿ ವರ್ಗ ಬಹುಪದೋಕ್ತಿ ಹೈಸ್ಕೂಲಿನದು, ಅವಕಲನ ಪಿಯುಸಿಯದು. ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಮುಗಿದ ಅಧ್ಯಾಯ. ಅವೆರಡನ್ನೂ ಒಂದೇ ಪ್ರಶ್ನೆಯಲ್ಲಿ ಕೂಡಿಸಿ ಕೇಳುವುದು ಅಪರೂಪ. ಕೇಳಿದರೂ ಗರಿಷ್ಠ ಬೆಲೆ ಕಂಡುಹಿಡಿ ಎಂದು, ಸಮೀಕರಣವನ್ನೇ ಕಂಡುಹಿಡಿ ಎಂದಲ್ಲ. ಪಾಠ ಹೇಳುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳಿಗೆ ಒಮ್ಮೆ ಎರಡು ಇಳಿಜಾರು, ಒಂದು ಎತ್ತರ ಕೊಟ್ಟು ನೋಡಿ. ಓದುಗರೂ ಒಂದು ಲೆಕ್ಕ ಮಾಡಿ ನೋಡಬಹುದು. ಶೇಕಡಾ 3ರ ಏರು, ಶೇಕಡಾ 2ರ ಇಳುಕಲು, ನಡುವೆ 50 ಮೀಟರಿನ ವಕ್ರ. ಹೊರಟ ಜಾಗದ ಎತ್ತರ ಸೊನ್ನೆ. ನಿಮ್ಮ ಉತ್ತರದಲ್ಲಿ ನೆತ್ತಿ 30ನೇ ಮೀಟರಿಗೆ, 45 ಸೆಂಟಿಮೀಟರ್ ಎತ್ತರದಲ್ಲಿ ಬಂದಿದ್ದರೆ ನಿಮ್ಮ ಸಮೀಕರಣ ಸರಿ. 25ನೇ ಮೀಟರಿಗೆ ಬಂದಿದ್ದರೆ ಇನ್ನೊಮ್ಮೆ ಇಳಿಜಾರಿನಿಂದ ಶುರುಮಾಡಿ.